ಎದೆನೋವಿಗೆ ಅಗ್ನಿಶಾಮಕ ವಾಹನ ಏಕೆ ಬಂತು? ಕಿಂಗ್ ಕೌಂಟಿಯ ತುರ್ತು ಸೇವೆ ಕುರಿತು ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾವು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆಂಟ್ ನಗರದಲ್ಲಿದ್ದೇವೆ. ಆರು ತಿಂಗಳ ಮಟ್ಟಿಗೆ ಹಾಸನದಿಂದ ಬಂದಿರುವ ನಮ್ಮ ಮಾವನವರಿಗೆ 72 ವರ್ಷ, ಸಕ್ಕರೆ ಕಾಯಿಲೆ ಇದೆ. ಕಳೆದ ತಿಂಗಳು ಒಂದು ರಾತ್ರಿ ಊಟವಾದ ಮೇಲೆ ಎದೆ ಭಾರವಾಗುತ್ತಿದೆ ಎಂದರು, ಮೈಯೆಲ್ಲ ಬೆವರಿತು. ನಾನು 911ಕ್ಕೆ ಕರೆ ಮಾಡಿದೆ. ಮೊದಲು ಬಂದದ್ದು ದೊಡ್ಡ ಅಗ್ನಿಶಾಮಕ ವಾಹನ. ಆಮೇಲೆ ಇನ್ನೊಂದು ವಾಹನದಲ್ಲಿ ಬಂದ, ತುರ್ತು ಚಿಕಿತ್ಸೆಯಲ್ಲಿ ಹೆಚ್ಚಿನ ತರಬೇತಿ ಪಡೆದ ಇಬ್ಬರು ಪ್ಯಾರಾಮೆಡಿಕ್‌ಗಳು ಇಸಿಜಿ ತೆಗೆದು, ಫೋನಿನಲ್ಲಿ ಯಾರೊಂದಿಗೋ ಮಾತಾಡಿ, ಹೊರಟೇಹೋದರು. ಮಾವನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಮೂರನೆಯದಾಗಿ ಬಂದ ಖಾಸಗಿ ಆಂಬುಲೆನ್ಸ್. ಮನೆಯಲ್ಲಿಯೇ ಇಪ್ಪತ್ತು ನಿಮಿಷ ಕಳೆದಿತ್ತು. ಹೃದಯಾಘಾತವಲ್ಲ ಎಂದು ಮರುದಿನ ಮನೆಗೆ ಕಳುಹಿಸಿದರು. ಈಗ ಆಂಬುಲೆನ್ಸ್ ಕಂಪನಿಯಿಂದ ಸಾವಿರ ಡಾಲರಿಗೂ ಮೀರಿದ ಬಿಲ್ಲು ಬಂದಿದೆ. ಮಾವನವರಿಗೆ ಇರುವುದು ಪ್ರವಾಸಿ ವಿಮೆ ಮಾತ್ರ. ಹೆಚ್ಚು ತಿಳಿದವರು ಅರ್ಧದಲ್ಲಿ ಬಿಟ್ಟುಹೋದದ್ದು ವಿಮೆ ಇಲ್ಲವೆಂದೇ? ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ನಮ್ಮ ಭಾವನ ಮನೆಯಲ್ಲಿ ಹೀಗಾದಾಗ ನಡೆದದ್ದೇ ಬೇರೆ. ಊರಿನಲ್ಲಿ 108ಕ್ಕೆ ಕರೆ ಮಾಡಿದರೆ ಒಂದು ಗಾಡಿ ಬರುತ್ತದೆ, ದುಡ್ಡು ಕೇಳುವುದಿಲ್ಲ. ಇಲ್ಲಿ ಇದನ್ನೆಲ್ಲ ನಡೆಸುವವರು ಯಾರು? ಆಸ್ಪತ್ರೆ ನಮ್ಮ ಮನೆಯಿಂದ ಕಾರಿನಲ್ಲಿ ಹನ್ನೆರಡು ನಿಮಿಷ. ಮುಂದಿನ ಸಲ ನಾವೇ ಕರೆದೊಯ್ಯುವುದು ಒಳ್ಳೆಯದಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ಉತ್ತರ ಪೂರ್ತಿ ಓದುವುದಕ್ಕೆ ಮುಂಚೆಯೇ ಅದರ ಅಗತ್ಯ ಬೀಳಬಹುದು. ಎದೆ ಭಾರ ಮತ್ತು ಬೆವರು ಒಟ್ಟಿಗೆ ಕಾಣಿಸಿಕೊಂಡರೆ ದಯವಿಟ್ಟು ಕಾರು ತೆಗೆಯಬೇಡಿ, ಮತ್ತೆ 911ಕ್ಕೇ ಕರೆ ಮಾಡಿ. ಆ ರಾತ್ರಿ ನೀವು ಮಾಡಿದ್ದು ಸರಿಯಾಗಿತ್ತು. ಬಂದವರು ನಡೆದುಕೊಂಡ ಕ್ರಮವೂ, ನೀವು ಬರೆದಿರುವಷ್ಟರ ಮಟ್ಟಿಗೆ, ಈ ಕೌಂಟಿಯ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕದ) ವ್ಯವಸ್ಥೆ ಹೇಗೆ ನಡೆಯಬೇಕೋ ಹಾಗೆಯೇ ಇದೆ. ತುರ್ತು ಚಿಕಿತ್ಸಾ ವಿಭಾಗದ ವೈದ್ಯನಾಗಿ ನಾನು ಇಂತಹ ಕರೆಗಳ ಇನ್ನೊಂದು ತುದಿಯಲ್ಲಿ, ಅಂದರೆ ಪ್ಯಾರಾಮೆಡಿಕ್‌ಗಳು ಫೋನ್ ಮಾಡುವ ಕಡೆ, ಕೆಲಸ ಮಾಡುವವನು. ಮನೆಯವರಿಗೆ ಗೊಂದಲವಾಗಿ ಕಾಣುವುದರ ಹಿಂದೆ ಒಂದು ಯೋಚನೆಯಿದೆ. ಆ ಯೋಚನೆಯನ್ನು ಯಾರೂ ಮನೆಯವರಿಗೆ ವಿವರಿಸುವುದಿಲ್ಲ ಎಂಬ ನಿಮ್ಮ ಅಸಮಾಧಾನ ಮಾತ್ರ ಪೂರ್ತಿ ನ್ಯಾಯವಾದದ್ದು.

ಅಮೆರಿಕದಲ್ಲಿ ರಾಷ್ಟ್ರಮಟ್ಟದ ಒಂದೇ ಆಂಬುಲೆನ್ಸ್ ಸೇವೆ ಎಂಬುದು ಇಲ್ಲ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಆರೋಗ್ಯ ಕವಚ ಇಡೀ ರಾಜ್ಯಕ್ಕೆ ಒಂದೇ ಸಂಖ್ಯೆ, ಸರ್ಕಾರದ ಹಣ ಎಂಬ ಕ್ರಮದಲ್ಲಿ ಬಂದದ್ದು. ಇಲ್ಲಿ 911 ಎಂಬ ಸಂಖ್ಯೆ ಮಾತ್ರ ದೇಶಕ್ಕೆಲ್ಲ ಒಂದು. ಅದರ ಹಿಂದಿರುವ ಏರ್ಪಾಡು ಕೌಂಟಿಯಿಂದ ಕೌಂಟಿಗೆ, ಕೆಲವೆಡೆ ನಗರದಿಂದ ನಗರಕ್ಕೇ ಬದಲಾಗುತ್ತದೆ. ಯಾರು ಯಾವ ಮಟ್ಟದ ಚಿಕಿತ್ಸೆ ಕೊಡಬಹುದು ಎಂಬ ಪರವಾನಗಿಯನ್ನು ರಾಜ್ಯದ ಆರೋಗ್ಯ ಇಲಾಖೆ ನೀಡುತ್ತದೆ. ಸೇವೆಯನ್ನು ಕಟ್ಟಿ ನಡೆಸುವ ಹೊಣೆ ಸ್ಥಳೀಯರದು. 1960ರ ದಶಕದವರೆಗೂ ಅಮೆರಿಕದ ಎಷ್ಟೋ ಊರುಗಳಲ್ಲಿ ರೋಗಿಯನ್ನು ಮಲಗಿಸಿ ಸಾಗಿಸಲು ಬೇಕಾದಷ್ಟು ಉದ್ದದ ವಾಹನವಿದ್ದದ್ದು ಶವಸಂಸ್ಕಾರದ ವ್ಯವಹಾರ ನಡೆಸುವವರ ಬಳಿ ಮಾತ್ರ, ಹಾಗಾಗಿ ಅವರೇ ಆಂಬುಲೆನ್ಸ್ ಓಡಿಸುತ್ತಿದ್ದರು. 1966ರಲ್ಲಿ ಪ್ರಕಟವಾದ ಅಪಘಾತ ಸಾವುಗಳ ಕುರಿತ ರಾಷ್ಟ್ರೀಯ ವರದಿಯೊಂದು ಈ ದುಃಸ್ಥಿತಿಯನ್ನು ಎತ್ತಿ ತೋರಿಸಿದ ಬಳಿಕ ಪ್ರತಿ ಊರೂ ತನಗೆ ಒದಗಿದ ಜನ ಮತ್ತು ಹಣವನ್ನು ಇಟ್ಟುಕೊಂಡು ತನ್ನದೇ ದಾರಿ ಕಂಡುಕೊಂಡಿತು. ಸನಿವೇಲ್‌ಗೂ ಕೆಂಟ್‌ಗೂ ಇರುವ ವ್ಯತ್ಯಾಸದ ಮೂಲ ಇದೇ.

ನೀವಿರುವ ಕಿಂಗ್ ಕೌಂಟಿಯ ದಾರಿ ಸಿಯಾಟಲ್ ನಗರದಲ್ಲಿ 1970ರಲ್ಲಿ ತೆರೆದುಕೊಂಡಿತು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಫ್ರಾಂಕ್ ಪ್ಯಾಂಟ್ರಿಜ್ ಎಂಬ ವೈದ್ಯರು ಹೃದಯಾಘಾತದ ಚಿಕಿತ್ಸೆಯನ್ನು ವಾಹನದಲ್ಲಿಟ್ಟು ರೋಗಿಯ ಮನೆ ಬಾಗಿಲಿಗೆ ಒಯ್ಯಲು ಆರಂಭಿಸಿದ್ದರು, ಆದರೆ ಅಲ್ಲಿ ಹೋಗುತ್ತಿದ್ದವರು ವೈದ್ಯರು. ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆಯ ಡಾ. ಲಿಯೊನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ದಳದ ಮುಖ್ಯಸ್ಥ ಗಾರ್ಡನ್ ವಿಕರಿ ಇಬ್ಬರೂ ಸೇರಿ, ವೈದ್ಯರ ಬದಲು ಅಗ್ನಿಶಾಮಕ ಸಿಬ್ಬಂದಿಗೇ ತೀವ್ರ ತರಬೇತಿ ಕೊಟ್ಟು ಮೆಡಿಕ್ ಒನ್ ಎಂಬ ಸೇವೆಯನ್ನು ಶುರುಮಾಡಿದರು. ಅಗ್ನಿಶಾಮಕ ದಳವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಬಹಳ ಸರಳ. ಯಾವ ಮನೆಗೆ ಬೆಂಕಿ ಬಿದ್ದರೂ ಕೆಲವೇ ನಿಮಿಷಗಳಲ್ಲಿ ತಲುಪುವಂತೆ ಠಾಣೆಗಳನ್ನು ನಗರದ ತುಂಬ ಆಗಲೇ ಹರಡಲಾಗಿತ್ತು, ಅಲ್ಲಿ ಹಗಲೂ ರಾತ್ರಿ ಜನ ಸಿದ್ಧವಾಗಿರುತ್ತಿದ್ದರು. ಇಂದು ಅಮೆರಿಕದ ಹೆಚ್ಚಿನ ಅಗ್ನಿಶಾಮಕ ಠಾಣೆಗಳಿಗೆ ಬರುವ ಕರೆಗಳಲ್ಲಿ ಬಹುಪಾಲು ವೈದ್ಯಕೀಯವಾದವೇ, ಬೆಂಕಿಯ ಕರೆಗಳು ಅವುಗಳ ಮುಂದೆ ಕೆಲವೇ ಕೆಲವು. ಆದ್ದರಿಂದ ನಿಮ್ಮ ಮನೆಯ ಮುಂದೆ ಆ ದೊಡ್ಡ ವಾಹನ ನಿಂತದ್ದು ಯಾರದೋ ತಪ್ಪು ತಿಳಿವಳಿಕೆಯಿಂದಲ್ಲ. ಅದು ನಿಮಗೆ ಅತಿ ಹತ್ತಿರದಲ್ಲಿದ್ದ ವೈದ್ಯಕೀಯ ತಂಡ. ಅದರಿಂದ ಇಳಿದವರು ಇಎಂಟಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನೀಷಿಯನ್, ಅಂದರೆ ತುರ್ತು ವೈದ್ಯಕೀಯ ಸಹಾಯಕ) ತರಬೇತಿ ಪಡೆದವರು. ರಕ್ತದೊತ್ತಡ, ನಾಡಿ, ರಕ್ತದ ಸಕ್ಕರೆ ನೋಡುವುದು, ಆಮ್ಲಜನಕ ಕೊಡುವುದು, ಎದೆ ಒತ್ತುವುದು, ಹೃದಯ ನಿಂತರೆ ಎಇಡಿ ಯಂತ್ರದಿಂದ ವಿದ್ಯುತ್ ಆಘಾತ ಕೊಡುವುದು ಇವೆಲ್ಲ ಅವರ ಕೆಲಸ. ಹೃದಯ ನಿಂತವನಿಗೆ ಎದೆ ಒತ್ತುವುದಾಗಲಿ ಆಘಾತವಾಗಲಿ ಸಿಗದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಸಿಯುತ್ತದೆ. ಆ ನಿಮಿಷಗಳಲ್ಲಿ ಬೇಕಾಗಿರುವುದು ಹತ್ತಿರದಲ್ಲಿರುವ ಕೈಗಳು. ದೊಡ್ಡ ವಾಹನದಲ್ಲೇ ಬರುವುದಕ್ಕೂ ಕಾರಣವಿದೆ: ನಿಮ್ಮ ಮನೆಯಿಂದ ಹೊರಡುವಾಗಲೇ ಇನ್ನೊಂದು ಕಡೆ ಬೆಂಕಿಯ ಕರೆ ಬಂದರೆ ತಂಡ ಠಾಣೆಗೆ ಮರಳದೆ ನೇರವಾಗಿ ಅಲ್ಲಿಗೆ ಹೋಗಬೇಕಾಗುತ್ತದೆ.

ಇನ್ನು ನಿಮ್ಮ ಮನಸ್ಸನ್ನು ಹೆಚ್ಚು ಕೊರೆದಿರುವ ವಿಷಯಕ್ಕೆ ಬರುತ್ತೇನೆ. ಪ್ಯಾರಾಮೆಡಿಕ್‌ಗಳು ಬಿಟ್ಟುಹೋದದ್ದಕ್ಕೂ ವಿಮೆಗೂ ಸಂಬಂಧವಿಲ್ಲ. ಚಿಕಿತ್ಸೆ ಆರಂಭಿಸುವ ಮುಂಚೆ ಅವರು ವಿಮೆಯ ಕಾರ್ಡನ್ನು ಕೇಳುವುದಿಲ್ಲ, ವೀಸಾ ಯಾವುದೆಂದೂ ಕೇಳುವುದಿಲ್ಲ, ಯಾವ ಮಟ್ಟದ ತಂಡ ರೋಗಿಯ ಜೊತೆ ಹೋಗಬೇಕೆಂಬ ತೀರ್ಮಾನದಲ್ಲಿ ಹಣಕ್ಕೆ ಜಾಗವಿಲ್ಲ. ಕಿಂಗ್ ಕೌಂಟಿಯ ವ್ಯವಸ್ಥೆ ಎರಡು ಸ್ತರದ್ದು. ಮೊದಲ ಸ್ತರದಲ್ಲಿ ಸಾವಿರಾರು ಇಎಂಟಿಗಳು, ಅವರ ಆರಂಭಿಕ ತರಬೇತಿ ನೂರೈವತ್ತು ಗಂಟೆಗಳ ಆಸುಪಾಸಿನದು. ಎರಡನೆಯ ಸ್ತರದಲ್ಲಿ ಪ್ಯಾರಾಮೆಡಿಕ್‌ಗಳು, ಅವರು ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ ಎರಡು ಸಾವಿರ ಗಂಟೆಗೂ ಮೀರಿ ಕಲಿತು ಬಂದವರು. ಉಸಿರುನಾಳಕ್ಕೆ ಕೊಳವೆ ಇಳಿಸುವುದು, ರಕ್ತನಾಳಕ್ಕೆ ಔಷಧ ಕೊಡುವುದು, ಹೃದಯದ ಲಯ ಓದಿ ಚಿಕಿತ್ಸೆ ಮಾಡುವುದು ಇವೆಲ್ಲ ಅವರಿಗೆ ಮಾತ್ರ ಬಿಟ್ಟ ಕೆಲಸಗಳು. ಸುಮಾರು 23 ಲಕ್ಷ ಜನರಿರುವ ಕೌಂಟಿಗೆ ಇಂತಹ ತಂಡಗಳು ಇಪ್ಪತ್ತೈದರ ಆಸುಪಾಸಿನಲ್ಲಿವೆ, ಒಂದೊಂದು ವಾಹನದಲ್ಲಿ ಇಬ್ಬಿಬ್ಬರು.

ಇಷ್ಟು ಕಡಿಮೆ ಏಕೆ ಎಂಬ ಪ್ರಶ್ನೆ ಸಹಜ. ಪ್ರತಿ ಅಗ್ನಿಶಾಮಕ ವಾಹನದಲ್ಲೂ ಒಬ್ಬ ಪ್ಯಾರಾಮೆಡಿಕ್ ಇದ್ದರೆ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ, ಅಮೆರಿಕದ ಅನೇಕ ಕೌಂಟಿಗಳು ಆ ದಾರಿಯನ್ನೇ ಹಿಡಿದಿವೆ. ಕಿಂಗ್ ಕೌಂಟಿಯ ವೈದ್ಯರ ವಾದ ಬೇರೆ, ನಾನು ಅದನ್ನು ಒಪ್ಪುವವನು. ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ವೈದ್ಯಕೀಯ ಕರೆಗಳು ಬಂದರೂ ಅವುಗಳಲ್ಲಿ ಪ್ಯಾರಾಮೆಡಿಕ್ ಬೇಕಾಗುವುದು ಸುಮಾರು ನಾಲ್ಕರಲ್ಲಿ ಒಂದಕ್ಕೆ, ಆ ಒಂದರಲ್ಲೂ ನಿಜವಾಗಿ ಪ್ರಾಣಾಂತಿಕವಾದವು ಇನ್ನೂ ಕಡಿಮೆ. ಸಾವಿರ ಜನರನ್ನು ಪ್ಯಾರಾಮೆಡಿಕ್‌ಗಳನ್ನಾಗಿ ಮಾಡಿದರೆ ಈ ಗಂಭೀರ ಪ್ರಸಂಗಗಳು ಸಾವಿರ ಪಾಲಾಗುತ್ತವೆ, ಒಬ್ಬೊಬ್ಬರಿಗೆ ವರ್ಷದಲ್ಲಿ ಬೆರಳೆಣಿಕೆಯಷ್ಟು ಸಿಗುತ್ತವೆ. ಕತ್ತಲ ಕೋಣೆಯ ನೆಲದ ಮೇಲೆ ಮಲಗಿ, ವಾಂತಿ ಮಾಡಿಕೊಂಡು, ಉಸಿರು ನಿಂತಿರುವ ವ್ಯಕ್ತಿಯ ಗಂಟಲಿಗೆ ಕೊಳವೆ ಇಳಿಸುವುದು ಪಾಠ ಓದಿ ಉಳಿಸಿಕೊಳ್ಳುವ ವಿದ್ಯೆಯಲ್ಲ, ಮತ್ತೆ ಮತ್ತೆ ಮಾಡಿದರೆ ಮಾತ್ರ ಕೈಗೆ ಹತ್ತುವಂಥದ್ದು. ಕೆಲವೇ ಜನರಿಗೆ ಈ ಕೆಲಸವನ್ನು ಸತತವಾಗಿ ಕೊಟ್ಟರೆ ಅವರು ನುರಿತವರಾಗುತ್ತಾರೆ. ಆದರೆ ಕೆಲವೇ ಜನ ಇರುವುದರಿಂದ ಅವರನ್ನು ಎಲ್ಲ ಕರೆಗಳಲ್ಲೂ ಕಟ್ಟಿಹಾಕುವಂತಿಲ್ಲ. ನಿಮ್ಮ ಮಾವನವರನ್ನು ಪರೀಕ್ಷಿಸಿ, ಈಗ ಇವರಿಗೆ ನಮ್ಮ ಅಗತ್ಯವಿಲ್ಲ ಎಂದು ಖಚಿತವಾದ ಮೇಲೆ ಅವರು ಹೊರಟರೆ, ಮುಂದಿನ ಕರೆಗೆ ಬಿಡುವಾಗಿರುತ್ತಾರೆ. ಆ ಮುಂದಿನ ಕರೆ ಪಕ್ಕದ ಬೀದಿಯಲ್ಲಿ ಹೃದಯ ನಿಂತ ಯಾರದೋ ಆಗಿರಬಹುದು.

ಆ ಇಪ್ಪತ್ತು ನಿಮಿಷದಲ್ಲಿ ಏನು ನಡೆಯಿತು ಎಂಬುದನ್ನು ನಾನಿರುವ ತುದಿಯಿಂದ ಹೇಳುತ್ತೇನೆ. ಎದೆಗೆ, ಕೈಕಾಲುಗಳಿಗೆ ಹತ್ತು ಅಂಟುಪಟ್ಟಿಗಳನ್ನು ಹಚ್ಚಿ ತೆಗೆಯುವ ಇಸಿಜಿಯಲ್ಲಿ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡಿದಂತಾಗುತ್ತದೆ. ಯಂತ್ರದಿಂದ ಬರುವ ಕಾಗದದ ಪಟ್ಟಿಯಲ್ಲಿ ಒಂದು ನಿರ್ದಿಷ್ಟ ಭಾಗದ ಗೆರೆ ಮೇಲೇರಿದ್ದರೆ ಹೃದಯದ ರಕ್ತನಾಳವೊಂದು ಪೂರ್ತಿ ಮುಚ್ಚಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಪ್ಯಾರಾಮೆಡಿಕ್ ಮನೆಯಿಂದಲೇ ಆಸ್ಪತ್ರೆಗೆ ಫೋನ್ ಮಾಡುತ್ತಾರೆ, ಆ ಕ್ಷಣದಿಂದಲೇ ನಾವು ಹೃದ್ರೋಗ ತಜ್ಞರನ್ನೂ ಕ್ಯಾಥ್ ಲ್ಯಾಬ್ (ಮುಚ್ಚಿದ ರಕ್ತನಾಳವನ್ನು ತೆರೆಯುವ ಕೋಣೆ) ಸಿಬ್ಬಂದಿಯನ್ನೂ ಅವರವರ ಮನೆಗಳಿಂದ ಕರೆಸಲು ಶುರುಮಾಡುತ್ತೇವೆ. ರೋಗಿ ಬಾಗಿಲಿಗೆ ಬರುವ ಹೊತ್ತಿಗೆ ಕೋಣೆ ಸಿದ್ಧವಾಗಿರುತ್ತದೆ. ರಾತ್ರಿ ಹತ್ತಕ್ಕೆ ಅದೇ ರೋಗಿ ಮಗನ ಕಾರಿನಲ್ಲಿ ಬಂದರೆ ನೋಂದಣಿ, ಮೊದಲ ಇಸಿಜಿ, ತಜ್ಞರಿಗೆ ಕರೆ, ಅವರು ಬರುವ ದಾರಿ ಎಲ್ಲವೂ ಆಮೇಲೆ ಆರಂಭವಾಗಬೇಕು. ನಿಮ್ಮ ಹನ್ನೆರಡು ನಿಮಿಷದ ಲೆಕ್ಕದಲ್ಲಿ ಈ ಹೊತ್ತು ಸೇರಿಲ್ಲ. ನಿಮ್ಮ ಮಾವನವರ ವಿಷಯದಲ್ಲಿ ಇಸಿಜಿಯಲ್ಲಿ ಅಂತಹ ಸೂಚನೆ ಕಾಣಲಿಲ್ಲ, ಲಯ ಸರಿಯಿತ್ತು, ರಕ್ತದೊತ್ತಡ ಕುಸಿದಿರಲಿಲ್ಲ ಎಂದು ನನ್ನ ಊಹೆ. ಫೋನಿನ ಆ ಕಡೆ ಇದ್ದವರು ನನ್ನಂತಹ ಒಬ್ಬ ವೈದ್ಯರಾಗಿರಬೇಕು. ಇಲ್ಲಿಯ ಪ್ಯಾರಾಮೆಡಿಕ್ ಸ್ವತಂತ್ರವಾಗಿ ಚಿಕಿತ್ಸೆ ಮಾಡುವವರಲ್ಲ, ರಾಜ್ಯದ ಆರೋಗ್ಯ ಇಲಾಖೆ ಮಾನ್ಯ ಮಾಡಿದ ವೈದ್ಯಕೀಯ ನಿರ್ದೇಶಕರೊಬ್ಬರ ಹೊಣೆಯಲ್ಲಿ, ಅವರು ಬರೆದುಕೊಟ್ಟ ನಿಯಮಗಳ ಪ್ರಕಾರ ಕೆಲಸ ಮಾಡುವವರು.

ಈ ಕ್ರಮಕ್ಕೆ ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಒಂದು ಇಸಿಜಿ ಆ ಕ್ಷಣದ ಚಿತ್ರ ಮಾತ್ರ. ಮನೆಯಲ್ಲಿ ಸರಿಯಿದ್ದದ್ದು ದಾರಿಯಲ್ಲಿ ಬದಲಾಗಬಹುದು. ಹಾಗಾದರೆ ಖಾಸಗಿ ಆಂಬುಲೆನ್ಸಿನ ಇಎಂಟಿಗಳು ಪ್ಯಾರಾಮೆಡಿಕ್‌ಗಳನ್ನು ಮತ್ತೆ ಕರೆಸಿಕೊಳ್ಳಬಹುದು, ಇಲ್ಲವೇ ಹತ್ತಿರದ ಆಸ್ಪತ್ರೆಗೆ ನೇರವಾಗಿ ನುಗ್ಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತದ ಲಕ್ಷಣಗಳು ಮಸುಕಾಗಿರುವುದರಿಂದ ಇಂತಹವರನ್ನು ಕೆಳಗಿನ ಸ್ತರಕ್ಕೆ ಒಪ್ಪಿಸುವಾಗ ಹೆಚ್ಚಿನ ಎಚ್ಚರ ಬೇಕು ಎಂದು ನಾನು ತಂಡಗಳಿಗೆ ಹೇಳುತ್ತಲೇ ಇರುತ್ತೇನೆ. ನಿಮಗೆ ಆ ಕ್ಷಣದಲ್ಲಿ ಸಂಶಯ ಬಂದರೆ ಬಾಯಿಬಿಟ್ಟು ಕೇಳಬಹುದು: ಇಸಿಜಿಯಲ್ಲಿ ಏನು ಕಂಡಿತು, ನೀವೇಕೆ ಜೊತೆಗೆ ಬರುತ್ತಿಲ್ಲ, ಯಾವ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಇದನ್ನು ಯಾರೂ ಅಧಿಕಪ್ರಸಂಗ ಎಂದುಕೊಳ್ಳುವುದಿಲ್ಲ. ನಮ್ಮವರು ಸಮವಸ್ತ್ರ ಕಂಡ ಕೂಡಲೇ ಮೌನವಾಗುವುದನ್ನು ನಾನು ಬಹಳ ನೋಡಿದ್ದೇನೆ, ಅದರಿಂದ ಎಷ್ಟೋ ಸಲ ಮುಖ್ಯವಾದ ಮಾಹಿತಿಯೇ ನಮಗೆ ತಲುಪಿರುವುದಿಲ್ಲ.

ಯಾವ ಆಸ್ಪತ್ರೆಗೆ ಎಂಬುದೂ ಸಣ್ಣ ಮಾತಲ್ಲ. ವಾಷಿಂಗ್ಟನ್ ರಾಜ್ಯ 2010ರಲ್ಲಿ ಮಾಡಿದ ಕಾನೂನಿನ ಪ್ರಕಾರ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಚಿಕಿತ್ಸೆಗೆ ಆಸ್ಪತ್ರೆಗಳನ್ನು ಅವುಗಳ ಸಾಮರ್ಥ್ಯದ ಮೇಲೆ ವರ್ಗೀಕರಿಸಲಾಗಿದೆ. ಆಂಬುಲೆನ್ಸಿನವರು ಅಗತ್ಯವಿದ್ದರೆ ಹತ್ತಿರದ ಚಿಕ್ಕ ಆಸ್ಪತ್ರೆಯನ್ನು ದಾಟಿಕೊಂಡು, ಮುಚ್ಚಿದ ರಕ್ತನಾಳವನ್ನು ಆಗಲೇ ತೆರೆಯಬಲ್ಲ ಆಸ್ಪತ್ರೆಗೆ ಹೋಗುತ್ತಾರೆ. ಗಂಭೀರ ಗಾಯಗಳಿಗೆ ಹಾರ್ಬರ್‌ವ್ಯೂ ಇಡೀ ರಾಜ್ಯಕ್ಕೆ ಉನ್ನತ ದರ್ಜೆಯ ಏಕೈಕ ಕೇಂದ್ರ. ಕಾರಿನಲ್ಲಿ ಹೊರಟ ಕುಟುಂಬ ಮಾತ್ರ ನಕ್ಷೆಯಲ್ಲಿ ಮೊದಲು ಕಂಡ ಆಸ್ಪತ್ರೆಗೇ ಹೋಗುತ್ತದೆ.

ಇದನ್ನೆಲ್ಲ ನಡೆಸುವವರು ಯಾರು ಎಂದು ಕೇಳಿದ್ದೀರಿ. ಆ ರಾತ್ರಿ ನೀವು ಅರಿಯದೆಯೇ ಐದು ಬೇರೆ ಬೇರೆ ಸಂಸ್ಥೆಗಳೊಂದಿಗೆ ವ್ಯವಹರಿಸಿದ್ದೀರಿ. ಕರೆಯನ್ನು ಎತ್ತಿಕೊಂಡದ್ದು ದಕ್ಷಿಣ ಕಿಂಗ್ ಕೌಂಟಿಯ ನಗರಗಳು ಸೇರಿ ನಡೆಸುವ ವ್ಯಾಲಿ ಕಮ್ಯುನಿಕೇಷನ್ಸ್ ಕೇಂದ್ರ. ಮೊದಲು ಬಂದದ್ದು ಕೆಂಟ್ ಮತ್ತು ಸುತ್ತಲ ಊರುಗಳ ಪ್ರಾದೇಶಿಕ ಅಗ್ನಿಶಾಮಕ ಪ್ರಾಧಿಕಾರ. ಪ್ಯಾರಾಮೆಡಿಕ್‌ಗಳು ಕಿಂಗ್ ಕೌಂಟಿ ಮೆಡಿಕ್ ಒನ್‌ನವರು, ಅಂದರೆ ಕೌಂಟಿಯ ಸಾರ್ವಜನಿಕ ಆರೋಗ್ಯ ಇಲಾಖೆಯ ನೌಕರರು. ಸಿಯಾಟಲ್, ಬೆಲ್‌ವ್ಯೂ, ರೆಡ್‌ಮಂಡ್, ಶೋರ್‌ಲೈನ್ ಕಡೆಗಳಲ್ಲಿ ಇದೇ ಕೆಲಸವನ್ನು ಆಯಾ ಅಗ್ನಿಶಾಮಕ ಇಲಾಖೆಗಳೇ ಮಾಡುತ್ತವೆ. ಆಂಬುಲೆನ್ಸ್ ಒಂದು ಖಾಸಗಿ ಕಂಪನಿಯದು, ಆಸ್ಪತ್ರೆ ಮತ್ತೊಂದು ಸಂಸ್ಥೆ. ಇವುಗಳನ್ನು ಒಂದಾಗಿ ಹಿಡಿದಿಟ್ಟಿರುವುದು ಮೂರು ಸಂಗತಿಗಳು: ಒಂದೇ ವೈದ್ಯಕೀಯ ಮೇಲ್ವಿಚಾರಣೆ, ಕರೆ ಬಂದಾಗ ಯಾವ ಲಕ್ಷಣಕ್ಕೆ ಯಾರನ್ನು ಕಳುಹಿಸಬೇಕೆಂದು ಕೌಂಟಿಯೇ ರೂಪಿಸಿದ ಮಾರ್ಗಸೂಚಿ, ಮತ್ತು ಒಂದು ತೆರಿಗೆ. 1979ರಿಂದ ಕೌಂಟಿಯ ಮತದಾರರು ಈ ಸೇವೆಗೆಂದೇ ಆಸ್ತಿ ತೆರಿಗೆಯ ಮೇಲೆ ಒಂದು ಪ್ರತ್ಯೇಕ ಕರಕ್ಕೆ ಮತ ಹಾಕುತ್ತ ಬಂದಿದ್ದಾರೆ. ಉದಾಹರಣೆಗೆ 2019ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ, 2020ರಿಂದ 2025ರವರೆಗಿನ ಕರದ ಆರಂಭಿಕ ದರ ಆಸ್ತಿಯ ಪ್ರತಿ ಸಾವಿರ ಡಾಲರ್ ಮೌಲ್ಯಕ್ಕೆ ಇಪ್ಪತ್ತಾರೂವರೆ ಸೆಂಟ್, ಎಂದರೆ ಹತ್ತು ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 265 ಡಾಲರ್ ಆಗಿತ್ತು. ಪ್ಯಾರಾಮೆಡಿಕ್ ಸೇವೆಯ ವೆಚ್ಚ ಮುಖ್ಯವಾಗಿ ಈ ಹಣದಿಂದ ನಡೆಯುತ್ತದೆ. ಅಗ್ನಿಶಾಮಕ ದಳದ ಇಎಂಟಿಗಳಿಗೆ ಇದರಿಂದ ಒಂದು ಪಾಲು ಸಿಗುತ್ತದೆ, ಉಳಿದದ್ದು ಸ್ಥಳೀಯ ತೆರಿಗೆ. ನಿಮ್ಮ ಭಾವ ಇರುವ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಬೇರೆ ಕಟ್ಟು: ಅಲ್ಲಿ ಕೌಂಟಿ ಒಂದು ಖಾಸಗಿ ಕಂಪನಿಗೆ ಬಹುತೇಕ ಪ್ರದೇಶದ ಆಂಬುಲೆನ್ಸ್ ಸೇವೆಯನ್ನು ಗುತ್ತಿಗೆ ಕೊಟ್ಟಿದೆ. ಸನಿವೇಲ್ ನಗರದಲ್ಲಂತೂ ಪೊಲೀಸ್ ಮತ್ತು ಅಗ್ನಿಶಾಮಕ ಎರಡೂ ಒಂದೇ ಇಲಾಖೆ, ಅದೇ ಅಧಿಕಾರಿಗಳು ಎರಡೂ ತರಬೇತಿ ಪಡೆದವರು. ಆದ್ದರಿಂದ ಭಾವನವರ ಅನುಭವವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ, ಅವರೂ ನಿಮ್ಮದನ್ನು ಇಟ್ಟುಕೊಳ್ಳದಿರಲಿ.

ಈ ರಚನೆ ಫಲ ಕೊಟ್ಟಿದೆಯೇ ಎಂದರೆ, ಹೃದಯಸ್ತಂಭನದ ವಿಷಯದಲ್ಲಿ ನಿಸ್ಸಂಶಯವಾಗಿ ಕೊಟ್ಟಿದೆ. ಯಾರಾದರೂ ನೋಡುತ್ತಿರುವಾಗಲೇ ಕುಸಿದು, ವಿದ್ಯುತ್ ಆಘಾತಕ್ಕೆ ಸ್ಪಂದಿಸುವ ಲಯದಲ್ಲಿದ್ದ ರೋಗಿಗಳ ಪೈಕಿ ಬದುಕಿ ಮನೆಗೆ ಮರಳಿದವರ ಪ್ರಮಾಣ 2013ರಲ್ಲಿ ಶೇಕಡಾ 62 ಎಂದು ಕೌಂಟಿ ವರದಿ ಮಾಡಿತ್ತು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಅದು ಬದುಕುವ ಸಾಧ್ಯತೆ ಅತಿ ಹೆಚ್ಚಿರುವ ಗುಂಪಿನದು, ಎಲ್ಲ ಹೃದಯಸ್ತಂಭನಗಳನ್ನೂ ಸೇರಿಸಿದರೆ ಪ್ರಮಾಣ ಬಹಳ ಕಡಿಮೆ. ಇದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಪ್ಯಾರಾಮೆಡಿಕ್‌ಗಳಿಗಿಂತ ಮುಂಚೆ ಕೈಹಾಕಿದ ಸಾಮಾನ್ಯ ಜನರಿಗೆ ಸಲ್ಲುತ್ತದೆ. 1970ರ ದಶಕದ ಆರಂಭದಿಂದಲೇ ಸಿಯಾಟಲ್ ತನ್ನ ನಾಗರಿಕರಿಗೆ ಎದೆ ಒತ್ತುವ ವಿಧಾನ ಕಲಿಸುತ್ತಿದೆ. 1980ರ ದಶಕದ ಆರಂಭದಲ್ಲಿ ಡಾ. ಮಿಕಿ ಐಸೆನ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು, 911ರ ಸಿಬ್ಬಂದಿ ಫೋನಿನಲ್ಲಿಯೇ ಎದೆ ಒತ್ತುವುದನ್ನು ಹೇಳಿಕೊಡುವ ಪದ್ಧತಿಯನ್ನು ಇಲ್ಲಿ ಜಾರಿಗೆ ತಂದರು. ಅದಕ್ಕಾಗಿ ಅವರು ಕೇಳುವುದು ಎರಡೇ ಪ್ರಶ್ನೆ: ವ್ಯಕ್ತಿಗೆ ಎಚ್ಚರವಿದೆಯೇ, ಉಸಿರಾಟ ಸರಿಯಾಗಿದೆಯೇ. ಎರಡಕ್ಕೂ ಇಲ್ಲವೆಂದರೆ ಒತ್ತಲು ಹೇಳುತ್ತಾರೆ. ಕುಸಿದವರು ಮೊದಲ ಕೆಲವು ನಿಮಿಷ ಗೊರಕೆಯಂತೆ, ಬಾಯಿ ತೆರೆದು ಏದುಸಿರು ಬಿಡುವುದುಂಟು. ಮನೆಯವರು ಅದನ್ನು ನೋಡಿ ಉಸಿರಾಡುತ್ತಿದ್ದಾರೆ ಎಂದುಬಿಡುತ್ತಾರೆ. ಅದು ಉಸಿರಾಟವಲ್ಲ, ಸಾಯುತ್ತಿರುವ ಮೆದುಳಿನ ಪ್ರತಿಕ್ರಿಯೆ. ಹೇಗೆ ಕಾಣುತ್ತಿದೆಯೋ ಹಾಗೆಯೇ ವರ್ಣಿಸಿ, ತೀರ್ಮಾನ ಅವರಿಗೆ ಬಿಡಿ.

ಇನ್ನು ಬಿಲ್ಲು. ಕೌಂಟಿಯ ಪ್ಯಾರಾಮೆಡಿಕ್ ಸೇವೆ ತೆರಿಗೆ ಹಣದಲ್ಲಿ ನಡೆಯುವಂಥದ್ದಾದ್ದರಿಂದ ರೋಗಿಗೆ ಬಿಲ್ಲು ಕಳುಹಿಸದಿರುವುದು ಇಲ್ಲಿನ ರೂಢಿ. ಅಗ್ನಿಶಾಮಕ ದಳ ಬಂದು ನೋಡಿದ್ದಕ್ಕೂ ಬಿಲ್ಲು ಬಂದಿರಲಾರದು. ರೋಗಿಯನ್ನು ಸಾಗಿಸಿದ್ದಕ್ಕೆ ಮಾತ್ರ ಖಾಸಗಿ ಕಂಪನಿಗಳೂ, ಕೆಲವು ಅಗ್ನಿಶಾಮಕ ಇಲಾಖೆಗಳೂ ಶುಲ್ಕ ಹಾಕುತ್ತವೆ. ಇದರಿಂದ ವಿಚಿತ್ರವಾದ ಒಂದು ಫಲಿತಾಂಶ ಉಂಟಾಗುತ್ತದೆ: ಹೆಚ್ಚು ಕಾಯಿಲೆಯಾಗಿ ಪ್ಯಾರಾಮೆಡಿಕ್ ವಾಹನದಲ್ಲಿ ಹೋದವರಿಗಿಂತ ಕಡಿಮೆ ಕಾಯಿಲೆಯಾಗಿ ಖಾಸಗಿ ಆಂಬುಲೆನ್ಸಿನಲ್ಲಿ ಹೋದವರ ಸಾಗಣೆ ವೆಚ್ಚ ಹೆಚ್ಚು. ಈ ರಚನೆಯ ದುರ್ಬಲ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ. ಜೀವ ಉಳಿಸುವ ಕೆಲಸವನ್ನು ಸಮುದಾಯ ಒಟ್ಟಾಗಿ ಹೊತ್ತಿದೆ, ಆಸ್ಪತ್ರೆಗೆ ಒಯ್ಯುವ ಸಾಮಾನ್ಯ ಕೆಲಸವನ್ನು ಮನೆಯವರ ಹೆಗಲಿಗೆ ಬಿಟ್ಟಿದೆ.

2022ರ ಜನವರಿಯಲ್ಲಿ ಜಾರಿಗೆ ಬಂದ, ಅನಿರೀಕ್ಷಿತ ಬಿಲ್ಲುಗಳನ್ನು ತಡೆಯುವ ಕೇಂದ್ರ ಕಾನೂನು ವಿಮಾನ ಆಂಬುಲೆನ್ಸಿಗೆ ಅನ್ವಯಿಸುತ್ತದೆ, ರಸ್ತೆಯ ಆಂಬುಲೆನ್ಸಿಗೆ ಅನ್ವಯಿಸುವುದಿಲ್ಲ. ಈ ಕೊರತೆಯನ್ನು ತುಂಬಲು ವಾಷಿಂಗ್ಟನ್ ರಾಜ್ಯ 2024ರಲ್ಲಿ ಕಾನೂನು ಮಾಡಿತು. 2025ರ ಜನವರಿ 1ರಿಂದ ರಾಜ್ಯದ ನಿಯಂತ್ರಣಕ್ಕೆ ಒಳಪಟ್ಟ ಆರೋಗ್ಯ ವಿಮೆ ಇರುವವರಿಗೆ ಆಂಬುಲೆನ್ಸಿನವರು ವಿಮೆ ಕೊಟ್ಟು ಉಳಿದ ಬಾಕಿಯನ್ನು ಹೇರುವಂತಿಲ್ಲ, ರೋಗಿ ತನ್ನ ಪಾಲಿನ ನಿಗದಿತ ಹಣ ಕಟ್ಟಿದರೆ ಸಾಕು. ದೊಡ್ಡ ಕಂಪನಿಗಳು ತಮ್ಮ ಹಣದಿಂದಲೇ ನಡೆಸುವ ನೌಕರರ ವಿಮೆ ತಾನಾಗಿ ಇದರೊಳಗೆ ಬರುವುದಿಲ್ಲ, ಕಂಪನಿ ಇಚ್ಛೆಪಟ್ಟು ಸೇರಿಕೊಂಡಿರಬೇಕು. ನಿಮ್ಮಿಬ್ಬರ ವಿಮೆ ಅಂತಹದ್ದೋ ಅಲ್ಲವೋ ಎಂದು ಉದ್ಯೋಗದಾತರನ್ನು ಈಗಲೇ ಕೇಳಿಕೊಳ್ಳಿ. ಮಾವನವರ ಪ್ರವಾಸಿ ವಿಮೆ ಸಾಮಾನ್ಯವಾಗಿ ಈ ಕಾನೂನಿನ ವ್ಯಾಪ್ತಿಯಲ್ಲಿ ಬರುವಂಥದ್ದಲ್ಲ, ಆದ್ದರಿಂದ ದಾರಿ ಬೇರೆ. ಬಿಲ್ಲನ್ನು ಕೂಡಲೇ ಕಟ್ಟಿಬಿಡಬೇಡಿ, ಕಡೆಗಣಿಸಲೂಬೇಡಿ. ವಿವರವಾದ ಬಿಲ್ಲು ಮತ್ತು ಆ ರಾತ್ರಿಯ ಆಂಬುಲೆನ್ಸ್ ವರದಿಯ ಪ್ರತಿ ಕೇಳಿ ತರಿಸಿಕೊಳ್ಳಿ. ಎದೆ ಭಾರ, ಬೆವರು, ಮಧುಮೇಹ ಎಂಬ ಮೂರು ಅಂಶಗಳು ಅದರಲ್ಲಿ ದಾಖಲಾಗಿದ್ದರೆ ಪ್ರಯಾಣ ವೈದ್ಯಕೀಯವಾಗಿ ಅಗತ್ಯವಾಗಿತ್ತು ಎಂದು ವಿಮೆಯವರಿಗೆ ತೋರಿಸುವುದು ಸುಲಭ. ಕೊನೆಗೆ ಹೃದಯಾಘಾತವಲ್ಲ ಎಂದು ತಿಳಿದದ್ದರಿಂದ ಆ ಅಗತ್ಯ ಸುಳ್ಳಾಗುವುದಿಲ್ಲ. ವಿಮೆಯವರು ಮಧುಮೇಹವನ್ನು ಮೊದಲೇ ಇದ್ದ ಕಾಯಿಲೆ ಎಂದು ನೆಪಮಾಡಿ ನಿರಾಕರಿಸಿದರೆ ಲಿಖಿತವಾಗಿ ಮೇಲ್ಮನವಿ ಹಾಕಿ. ಅದೂ ಆಗದಿದ್ದರೆ ಕಂಪನಿಯೊಂದಿಗೆ ಮಾತಾಡಿ ಮೊತ್ತ ಇಳಿಸಿಕೊಳ್ಳಲು, ಕಂತುಗಳಲ್ಲಿ ಕಟ್ಟಲು ಕೇಳಬಹುದು. ಆಸ್ಪತ್ರೆಯ ಬಿಲ್ಲಿಗೆ ರಾಜ್ಯದ ಕಾನೂನಿನಡಿ ಆರ್ಥಿಕ ನೆರವಿನ ಅರ್ಜಿ ಇದೆ, ಆಂಬುಲೆನ್ಸ್ ಕಂಪನಿಗೆ ಅಂತಹ ಕಡ್ಡಾಯವಿಲ್ಲ.

ಹಾಗಾದರೆ ಯಾವಾಗ ಕಾರು, ಯಾವಾಗ 911? ಎದೆ ಒತ್ತಿದಂತಾಗುವುದು, ಉಸಿರು ಕಟ್ಟುವುದು, ಮುಖ ಅಥವಾ ಕೈ ಒಂದು ಕಡೆ ಸೋಲುವುದು, ಮಾತು ತೊದಲುವುದು, ಎಚ್ಚರ ತಪ್ಪುವುದು, ನಿಲ್ಲದ ರಕ್ತಸ್ರಾವ ಇವುಗಳಿಗೆ ಎಂದಿಗೂ ಕಾರು ಬೇಡ. ಕಾರಿನಲ್ಲಿ ಹೃದಯ ನಿಂತರೆ ಹೆದ್ದಾರಿಯ ಮಧ್ಯೆ ಚಾಲಕರಾದ ನೀವು ಏನನ್ನೂ ಮಾಡಲಾರಿರಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಔಷಧವನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆದ್ದರಿಂದ ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟು ಹೇಳಿ. ಜ್ವರ, ಕಾಲು ಉಳುಕು, ಎರಡು ದಿನದ ಕೆಮ್ಮು, ಮೂತ್ರದ ಉರಿ ಮುಂತಾದವುಗಳಿಗೆ ಅರ್ಜೆಂಟ್ ಕೇರ್ ಚಿಕಿತ್ಸಾಲಯಕ್ಕೆ ಕಾರಿನಲ್ಲಿ ಹೋಗುವುದು ಸರಿ, ವೆಚ್ಚವೂ ಕಡಿಮೆ. ಎದೆನೋವಿಗೆ ಅಲ್ಲಿಗೆ ಹೋದರೆ ಅವರೂ 911ಕ್ಕೇ ಕರೆ ಮಾಡುತ್ತಾರೆ, ಅಷ್ಟು ಹೊತ್ತು ವ್ಯರ್ಥವಾಗುತ್ತದೆ. ಯಾವುದೆಂದು ತಿಳಿಯದಿದ್ದರೆ ಕರೆ ಮಾಡಿ. ಕರೆ ಮಾಡಿದ್ದಕ್ಕೆ ಹಣವಿಲ್ಲ, ಗಂಭೀರವಲ್ಲದ ಕೆಲವು ಕರೆಗಳನ್ನು ಅವರೇ ನರ್ಸ್ ಒಬ್ಬರಿಗೆ ವರ್ಗಾಯಿಸಿ ಸಲಹೆ ಕೊಡಿಸುತ್ತಾರೆ. ಆಂಬುಲೆನ್ಸಿನಲ್ಲಿ ಹೋದರೆ ಸರದಿ ಬೇಗ ಬರುತ್ತದೆ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಬಾಗಿಲಲ್ಲಿ ನಾವು ನೋಡುವುದು ಕಾಯಿಲೆಯ ತೀವ್ರತೆಯನ್ನು, ಬಂದ ವಾಹನವನ್ನಲ್ಲ.

ನೀವಿಬ್ಬರೂ ಕೆಲಸಕ್ಕೆ ಹೋದಾಗ ಅತ್ತೆ ಮಾವ ಇಬ್ಬರೇ ಇರುವಂತಿದ್ದರೆ ಒಂದೆರಡು ಸಿದ್ಧತೆ ಮಾಡಿಡಿ. 911ಕ್ಕೆ ಕರೆ ಮಾಡಿ "ಕನ್ನಡ" ಎಂಬ ಒಂದು ಪದ ಮತ್ತು ಮನೆಯ ವಿಳಾಸ ಹೇಳಲು ಅತ್ತೆಗೆ ಕಲಿಸಿ. ಫೋನಿನಲ್ಲಿ ದುಭಾಷಿಯನ್ನು ಸೇರಿಸಿಕೊಳ್ಳುವ ವ್ಯವಸ್ಥೆ ಇದೆ, ಅದಕ್ಕೆ ಸ್ವಲ್ಪ ಹೊತ್ತು ಹಿಡಿದರೂ ವಿಳಾಸ ತಿಳಿದಿದ್ದರೆ ವಾಹನ ಹೊರಟಿರುತ್ತದೆ. ಕರೆಯನ್ನು ಅವರಾಗಿ ಕಡಿಯಬಾರದು ಎಂದೂ ಹೇಳಿ. ಮಾವನವರ ಔಷಧಿಗಳ ಹೆಸರು, ಪ್ರಮಾಣ, ಅಲರ್ಜಿ ಇವುಗಳನ್ನು ಇಂಗ್ಲಿಷಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ನಮ್ಮ ತಂಡಗಳು ಅಲ್ಲಿ ನೋಡುವ ಅಭ್ಯಾಸ ಇಟ್ಟುಕೊಂಡಿವೆ. ಊರಿನಿಂದ ತಂದ ಮಾತ್ರೆಗಳ ಬ್ರ್ಯಾಂಡ್ ಹೆಸರು ಇಲ್ಲಿಯವರಿಗೆ ಅರ್ಥವಾಗುವುದಿಲ್ಲ, ಅದರೊಳಗಿನ ಔಷಧದ ಹೆಸರನ್ನು ಮಾತ್ರೆಗಳ ಸ್ಟ್ರಿಪ್ಪಿನ ಮೇಲೆ ನೋಡಿ ಬರೆಯಿರಿ. ಇಸಿಜಿಯ ಹಳೆಯ ಪ್ರತಿಯೊಂದನ್ನು ಅದರ ಜೊತೆಗೇ ಇಡಿ. ಹೊಸ ಇಸಿಜಿಯ ಪಕ್ಕದಲ್ಲಿಟ್ಟು ನೋಡಲು ಹಳೆಯದೊಂದು ಸಿಕ್ಕರೆ ಅರ್ಧ ಗೊಂದಲ ಅಲ್ಲೇ ಪರಿಹಾರವಾಗುತ್ತದೆ.

ಮಾವನವರಿಗೆ ಆ ರಾತ್ರಿ ಆದದ್ದು ಹೃದಯಾಘಾತವಲ್ಲದಿದ್ದರೂ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಮುಂದಿನ ಪರೀಕ್ಷೆ ಏನಾದರೂ ಬರೆದಿದ್ದಾರೆಯೇ ನೋಡಿ, ಬರೆದಿದ್ದರೆ ಇಲ್ಲಿಯೇ ಅಥವಾ ಹಾಸನಕ್ಕೆ ಮರಳಿದ ಕೂಡಲೇ ಮಾಡಿಸಿ. ಪ್ರವಾಸಿ ವಿಮೆಯನ್ನು ಮುಂದುವರಿಸುವ ಮುನ್ನ ಅದರಲ್ಲಿ ರಸ್ತೆಯ ಆಂಬುಲೆನ್ಸಿಗೆ ಎಷ್ಟು ಮಿತಿಯಿದೆ ಮತ್ತು ಮೊದಲೇ ಇದ್ದ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಹಣ ಕೊಡುತ್ತಾರೆಯೇ ಎಂಬ ಎರಡು ಅಂಶಗಳನ್ನು ಓದಿಕೊಳ್ಳಿ.